ಫ್ಲಾರೆನ್ಸ್ ನೈಟಿಂಗೇಲ್ ಬಾಲ್ಯದ ಚಿತ್ರಪುಸ್ತಕ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಚಿತ್ರಪುಸ್ತಕ ಹೊರಬಂದ ಮೇಲೆ ಮಕ್ಕಳು, ಅಪ್ಪ ಅಮ್ಮಂದಿರು, ಮೇಷ್ಟ್ರುಗಳು ಕೇಳಿದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದೆ. ಕೆಲವು ಪತ್ರದಲ್ಲಿ ಬಂದವು, ಕೆಲವು ಓದಿ ಹೇಳುವಾಗ ಮಧ್ಯದಲ್ಲೇ ತೂರಿ ಬಂದವು. ಒಂದೇ ಪ್ರಶ್ನೆ ಹತ್ತಾರು ಸಲ ಬಂದಿದ್ದೂ ಉಂಟು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ನಾನೇ ತಲೆ ಕೆರೆದುಕೊಂಡವು ಆಮೇಲೆ.

## ಎಲ್ಲರೂ ಮೊದಲು ಕೇಳುವವು

ಇದು ದೀಪ ಹಿಡ್ಕೊಂಡಿರ್ತಾರಲ್ಲ, ಆ ನರ್ಸ್ ಕಥೆನೇ ಅಲ್ವಾ?

ಅವರದೇ. ಆದರೆ ದೀಪ ಹಿಡಿಯುವುದಕ್ಕೆ ಎಷ್ಟೋ ವರ್ಷ ಮುಂಚಿನ ಕಥೆ. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು. ರಷ್ಯಾದ ವಿರುದ್ಧ ಬ್ರಿಟನ್ ಮತ್ತು ಅದರ ಜೊತೆಯವರು ಮಾಡಿದ ಕ್ರೈಮಿಯಾ ಯುದ್ಧದ ಸೈನಿಕರ ಆಸ್ಪತ್ರೆಗೆ ಹೋದಾಗ ಅವರಿಗೆ 34 ವರ್ಷ. ನಮ್ಮ ಪುಸ್ತಕ ಅವಳ 5ನೇ ವಯಸ್ಸಿನಲ್ಲಿ ಶುರುವಾಗಿ 16ಕ್ಕೆ ನಿಲ್ಲುತ್ತದೆ. ದೊಡ್ಡವರಾದ ಮೇಲಿನ ವಿಷಯ ಕೊನೆಯ ಎರಡು ಪುಟದಲ್ಲಿ ಮಾತ್ರ. ಯುದ್ಧದ ಕಥೆ ಇರುತ್ತೆ ಅಂದುಕೊಂಡು ತೆಗೆದುಕೊಂಡವರಿಗೆ ನಿರಾಸೆ ಆಗಬಹುದು, ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ.

ಎಷ್ಟು ವಯಸ್ಸಿನ ಮಕ್ಕಳಿಗೆ ಸರಿಹೋಗುತ್ತೆ?

ತೊಡೆ ಮೇಲೆ ಕೂರಿಸಿಕೊಂಡು ಓದುವುದಾದರೆ 4 ವರ್ಷದವರಿಗೂ ನಡೆಯುತ್ತದೆ. ತಾವೇ ಓದಿಕೊಳ್ಳುವವರು 7, 8ರ ಮಕ್ಕಳು. ಚಿಕ್ಕವರು ನಾಯಿಯ ಪುಟಕ್ಕೆ ಅಂಟಿಕೊಳ್ಳುತ್ತಾರೆ. ದೊಡ್ಡವರು ಅಕ್ಕ ತಂಗಿಯ ಜಗಳದ ಪುಟಕ್ಕೆ.

ಫ್ಲಾರೆನ್ಸ್ ಅನ್ನೋದು ಊರಿನ ಹೆಸರಲ್ವಾ? ಹುಡುಗಿಗೆ ಯಾಕಿಟ್ರು?

ಊರಿನ ಹೆಸರೇ. ಅವಳು ಹುಟ್ಟಿದ್ದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಅಪ್ಪ ವಿಲಿಯಂ, ಅಮ್ಮ ಫ್ಯಾನಿ ಮದುವೆಯಾದ ಮೇಲೆ ಯೂರೋಪ್ ಸುತ್ತಲು ಹೋಗಿದ್ದರು. ಸುತ್ತಾಟ ಮುಗಿಯುವುದರೊಳಗೆ ಎರಡು ಮಕ್ಕಳಾದವು. ದೊಡ್ಡವಳು 1819ರಲ್ಲಿ ನೇಪಲ್ಸ್‌ನಲ್ಲಿ ಹುಟ್ಟಿದಳು. ಆ ಊರಿಗೆ ಗ್ರೀಕರು ಇಟ್ಟಿದ್ದ ಹಳೇ ಹೆಸರು ಪಾರ್ಥೆನೊಪಿ, ಅದನ್ನೇ ಮಗುವಿಗೂ ಇಟ್ಟರು. ಮನೆಯಲ್ಲಿ ಎಲ್ಲರಿಗೂ ಅವಳು ಪಾರ್ಥಿ, ತಂಗಿ ಫ್ಲೋ. ಈಗ ಫ್ಲಾರೆನ್ಸ್ ಅನ್ನೋ ಹೆಸರು ಹುಡುಗಿಯರಿಗೆ ಮಾಮೂಲು. ಆಗ ಅದು ವಿಚಿತ್ರದ ಹೆಸರೇ. ಇವರಿಂದಾಗಿಯೇ ಅದು ಮನೆಮನೆಯ ಹೆಸರಾಯಿತು. ಪಾಪ, ಪಾರ್ಥೆನೊಪಿಗೆ ಆ ಅದೃಷ್ಟ ಬರಲಿಲ್ಲ.

ನೈಟಿಂಗೇಲ್ ಅಂದ್ರೆ ಕೋಗಿಲೆ ತಾನೆ? ಕನ್ನಡದಲ್ಲೇ ಹಾಕಬಹುದಿತ್ತಲ್ಲ?

ಕೋಗಿಲೆ ಅಲ್ಲ. ಹಾಡುವ ಹಕ್ಕಿ ಅಂದ ಕೂಡಲೇ ನಮಗೆ ಕೋಗಿಲೆ ನೆನಪಾಗುತ್ತದೆ, ಅಷ್ಟೇ. ನೈಟಿಂಗೇಲ್ ಕಂದು ಬಣ್ಣದ ಪುಟ್ಟ ಹಕ್ಕಿ. ರಾತ್ರಿಯೂ ಹಾಡುತ್ತದೆ. ಕೋಗಿಲೆಯ ಜಾತಿಯೇ ಬೇರೆ. ಪುಸ್ತಕದಲ್ಲಿ ಹೆಸರನ್ನು ಹಾಗೇ ಬಿಟ್ಟು, ಮೊದಲ ಪುಟದ ಮೂಲೆಯಲ್ಲಿ ಆ ಹಕ್ಕಿಯನ್ನು ಬರೆಸಿದ್ದೇವೆ.

ಇನ್ನೊಂದು ತಮಾಷೆ ಇದೆ. ಆ ಹೆಸರು ಅವರಿಗೆ ಹುಟ್ಟಿನಿಂದ ಬಂದದ್ದೂ ಅಲ್ಲ. ಅಪ್ಪನ ಮನೆತನದ ಹೆಸರು ಶೋರ್. ಪೀಟರ್ ನೈಟಿಂಗೇಲ್ ಅನ್ನುವ ಹಿರಿಯರೊಬ್ಬರ ಆಸ್ತಿ ಕೈಗೆ ಬಂದಾಗ, 1815ರಲ್ಲಿ, ಆಸ್ತಿಯ ಜೊತೆ ಹೆಸರನ್ನೂ ತೆಗೆದುಕೊಂಡರು. ಇಲ್ಲದಿದ್ದರೆ ಇವತ್ತು ನಾವು ಫ್ಲಾರೆನ್ಸ್ ಶೋರ್ ಅನ್ನುತ್ತಿದ್ದೆವು.

ಅಷ್ಟು ದೊಡ್ಡವರನ್ನ 'ಅವಳು' 'ಬಂದಳು' ಅಂತ ಬರೆದಿದ್ದೀರಲ್ಲ, ಸರೀನಾ?

ಅತಿ ಜಾಸ್ತಿ ಬೈಸಿಕೊಂಡ ವಿಷಯ ಇದೇ. 8 ವರ್ಷದ ಹುಡುಗಿ ಮಹಡಿ ಮೆಟ್ಟಿಲು ಇಳಿದು ಓಡಿ ಬಂದರು ಅಂತ ಬರೆದರೆ ಓಡಿ ಬರುವ ಹುಡುಗಿ ಕಣ್ಣಿಗೆ ಕಾಣುವುದಿಲ್ಲ, ಗೋಡೆಯ ಮೇಲಿನ ಫೋಟೋ ಕಾಣುತ್ತದೆ. ಅದಕ್ಕೇ ಬಾಲ್ಯದಲ್ಲಿ 'ಅವಳು'. ಕೊನೆಯ ಎರಡು ಪುಟದಲ್ಲಿ, ದೊಡ್ಡವರಾದ ಮೇಲೆ, 'ಅವರು'. ಎಲ್ಲಿ ಬದಲಾಯಿಸಬೇಕು ಅಂತ ವಾರಗಟ್ಟಲೆ ಒದ್ದಾಡಿದೆ. ಕೊನೆಗೆ ಪುಟ ತಿರುವುವ ಜಾಗದಲ್ಲೇ ಬದಲಾಯಿಸಿದೆ. ಈ ಕಡೆ ಪುಟದಲ್ಲಿ 'ಅವಳು ಕಿಟಕಿ ಮುಚ್ಚಿದಳು', ತಿರುವಿದರೆ 'ಅವರು ಹಡಗು ಹತ್ತಿದರು'. ಓದಿ ಹೇಳುವಾಗ ಮಕ್ಕಳು ಅಲ್ಲಿ ಒಂದು ಕ್ಷಣ ಸುಮ್ಮನಾಗುತ್ತಾರೆ.

'ದಾದಿ' ಅನ್ನೋ ಒಳ್ಳೇ ಕನ್ನಡ ಪದ ಇದ್ದರೂ 'ನರ್ಸ್' ಅಂತ ಯಾಕೆ?

ಪುಸ್ತಕದಲ್ಲಿ ಎರಡೂ ಇವೆ, ಬೇರೆ ಬೇರೆ ಕೆಲಸಕ್ಕೆ. ಆ ಕಾಲದ ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ ಮಕ್ಕಳಿಗೆ ಸ್ನಾನ ಮಾಡಿಸಿ, ಉಣಿಸಿ, ಮಲಗಿಸಲು ಒಬ್ಬ ಹೆಂಗಸು ಇರುತ್ತಿದ್ದಳು. ಅವಳನ್ನೂ ಇಂಗ್ಲಿಷಿನಲ್ಲಿ ನರ್ಸ್ ಅಂತಲೇ ಕರೆಯುತ್ತಿದ್ದರು. ಫ್ಲಾರೆನ್ಸ್ ಮನೆಯಲ್ಲೂ ಅಂಥವರು ಇದ್ದರು. ಅವರಿಗೆ 'ದಾದಿ' ಅಂತ ಹಾಕಿದೆ. ರೋಗಿಗಳನ್ನು ನೋಡಿಕೊಳ್ಳುವವರಿಗೆ 'ನರ್ಸ್'. ಶುಶ್ರೂಷಕಿ ಅಂತ ಒಂದು ಸಲ ಬರೆದು ನೋಡಿದೆ. ಓದಿ ಹೇಳುವಾಗ ನನ್ನ ನಾಲಿಗೆಯೇ ಹೊರಳಲಿಲ್ಲ.

## ಕಥೆಯ ಒಳಗೆ ಹೊಕ್ಕವರು ಕೇಳುವವು

ಅವರಿಗೆ ಎರಡು ಮನೆ ಯಾಕೆ? ಅಷ್ಟು ದುಡ್ಡು ಎಲ್ಲಿಂದ ಬಂತು?

ದುಡ್ಡು ಆ ಪೀಟರ್ ನೈಟಿಂಗೇಲ್ ಅವರದು. ಡಾರ್ಬಿಷೈರ್‌ನಲ್ಲಿ ಸೀಸದ ವ್ಯವಹಾರದಿಂದ ಬಂದ ಆಸ್ತಿ. ಅಲ್ಲಿ ಅಪ್ಪ ಲೀ ಹರ್ಸ್ಟ್ ಅನ್ನುವ ಮನೆ ಕಟ್ಟಿಸಿದರು. ಅದರಲ್ಲಿ 15 ಮಲಗುವ ಕೋಣೆ ಇದ್ದವಂತೆ, ಆದರೂ ಅಮ್ಮನಿಗೆ ಅದು ಚಿಕ್ಕದಾಯಿತಂತೆ! ಚಳಿಗಾಲದಲ್ಲಿ ತಣ್ಣಗೆ ಕೊರೆಯುತ್ತಿತ್ತು ಬೇರೆ. 1825ರಲ್ಲಿ ದಕ್ಷಿಣದ ಹ್ಯಾಂಪ್‌ಶೈರ್‌ನಲ್ಲಿ ಎಂಬ್ಲಿ ಅನ್ನುವ ಇನ್ನೊಂದು ದೊಡ್ಡ ಮನೆ ಕೊಂಡರು. ಬೇಸಿಗೆ ಲೀ ಹರ್ಸ್ಟ್‌ನಲ್ಲಿ, ಉಳಿದ ಕಾಲ ಹೆಚ್ಚಾಗಿ ಎಂಬ್ಲಿಯಲ್ಲಿ. ಆಗ ಆ ದಾರಿಯಲ್ಲಿ ರೈಲು ಇರಲಿಲ್ಲ. ಪೆಟ್ಟಿಗೆ, ಆಳುಕಾಳು, ಮಕ್ಕಳು ಎಲ್ಲ ಸೇರಿ ಕುದುರೆಗಾಡಿಯಲ್ಲಿ ದಿನಗಟ್ಟಲೆ ಪ್ರಯಾಣ. ನಮ್ಮ ಪುಸ್ತಕದ ಮೊದಲ ದೊಡ್ಡ ಚಿತ್ರ ಆ ಗಾಡಿಯದು.

ಅವಳು ಸ್ಕೂಲಿಗೆ ಹೋಗ್ತಾ ಇರಲಿಲ್ವಾ? ಮಜಾ ಅಲ್ವಾ?

ಹೋಗುತ್ತಿರಲಿಲ್ಲ, ಆದರೆ ಮಜಾ ಅಂತ ಹೇಳುವ ಹಾಗಿಲ್ಲ. ಮೊದಲು ಮನೆಯಲ್ಲೇ ಇದ್ದು ಪಾಠ ಹೇಳುವ ಟೀಚರ್ ಒಬ್ಬರು ಇದ್ದರು, ಮಿಸ್ ಕ್ರಿಸ್ಟಿ. ಆಮೇಲೆ ಅಪ್ಪನೇ ಮೇಷ್ಟ್ರು. ಅವರು ಕೇಂಬ್ರಿಡ್ಜ್‌ನಲ್ಲಿ ಓದಿದವರು. ಲ್ಯಾಟಿನ್, ಗ್ರೀಕ್, ಫ್ರೆಂಚ್, ಜರ್ಮನ್, ಇಟಾಲಿಯನ್, ಇತಿಹಾಸ, ತತ್ವಶಾಸ್ತ್ರ ಎಲ್ಲವನ್ನೂ ಹೆಣ್ಣುಮಕ್ಕಳಿಗೆ ಕಲಿಸಿದರು. ಆ ಕಾಲದಲ್ಲಿ ಹುಡುಗಿಯರಿಗೆ ಇಷ್ಟು ಓದಿಸುವವರು ತೀರಾ ಕಮ್ಮಿ. ಪಾರ್ಥಿಗೆ ಗ್ರೀಕ್ ಅಂದರೆ ಬೇಸರ. ಅವಳು ಮೆತ್ತಗೆ ಎದ್ದು ಅಮ್ಮನ ಹತ್ತಿರ ಹೂವು ಜೋಡಿಸಲು, ಚಿತ್ರ ಬರೆಯಲು ಹೋಗುತ್ತಿದ್ದಳು. ಫ್ಲಾರೆನ್ಸ್ ಅಪ್ಪನ ಮುಂದೆ ಕೂತೇ ಇರುತ್ತಿದ್ದಳು.

ಸಂಖ್ಯೆ, ಪಟ್ಟಿ ಅಂದರೆ ಅವಳಿಗೆ ಆಗಿನಿಂದಲೇ ಹುಚ್ಚು. ಚಿಪ್ಪು ಕೂಡಿಟ್ಟರೆ ಅದಕ್ಕೊಂದು ಪಟ್ಟಿ. ಪುಸ್ತಕದಲ್ಲಿ ಅವಳ ಕೈಯಲ್ಲಿ ಪ್ರತಿ ಪುಟದಲ್ಲೂ ಒಂದು ಚೀಟಿ ಇರುವುದನ್ನು ಗಮನಿಸಿದ್ದೀರಾ? ಯಾರೂ ಹೇಳದೇ ಅದನ್ನು ಮೊದಲು ಕಂಡುಹಿಡಿದದ್ದು 6 ವರ್ಷದ ಒಬ್ಬ ಹುಡುಗ.

ಆ ಔಷಧಿ ಬರೆದ ಪುಟಾಣಿ ಪುಸ್ತಕ ನಿಜವಾಗ್ಲೂ ಇತ್ತಾ?

ಇತ್ತು. ಇಡೀ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟದ ಜಾಗ ಅದು. ಅವಳು ಬರೆದದ್ದರಲ್ಲಿ ಉಳಿದುಕೊಂಡಿರುವ ಅತಿ ಹಳೆಯ ಬರಹ ಅದೇ ಅಂತ ಅವಳ ಜೀವನಚರಿತ್ರೆ ಬರೆದವರು ಹೇಳಿದ್ದಾರೆ. ತಾನೇ ಹೊಲಿದ, ಅಂಚೆ ಚೀಟಿಯಷ್ಟೇ ಇರುವ ಪುಸ್ತಕ. ಒಳಗೆ ಸೊಟ್ಟ ಸೊಟ್ಟ ಅಕ್ಷರದಲ್ಲಿ ಔಷಧಿಯ ಅಳತೆ: ಮುದುಕಿಗೆ 16 ಗ್ರೇನ್, ಚಿಕ್ಕ ವಯಸ್ಸಿನ ಹೆಂಗಸಿಗೆ 11, ಮಗುವಿಗೆ 7.

ಗ್ರೇನ್ ಅಂದರೆ ಔಷಧಿ ತೂಗುವ ಹಳೇ ಅಳತೆ, ಹೆಚ್ಚುಕಡಿಮೆ 65 ಮಿಲಿಗ್ರಾಂ. ಮುದುಕಿಯ ಪಾಲು ಒಂದು ಗ್ರಾಂ ಆಯಿತು, ಮಗುವಿನದು ಅದರ ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಒಂದೇ ಔಷಧಿ ಎಲ್ಲರಿಗೂ ಒಂದೇ ಅಳತೆಯಲ್ಲ ಅಂತ ಆ ಹುಡುಗಿಗೆ ಆಗಲೇ ಗೊತ್ತಿತ್ತು. ಯಾರೋ ಹೇಳಿದ್ದನ್ನು ಬರೆದುಕೊಂಡಿರಬೇಕು. ಆದರೆ ಬರೆದಿಟ್ಟುಕೊಳ್ಳಬೇಕು ಅಂತ ಅವಳಿಗೆ ಅನ್ನಿಸಿತಲ್ಲ.

'ಅಂಚೆ ಚೀಟಿಯಷ್ಟು' ಅಂತ ಕಥೆಯಲ್ಲಿ ಬರೆಯೋ ಹಾಗಿರಲಿಲ್ಲ. ಅಂಚೆ ಚೀಟಿ ಬಂದದ್ದೇ 1840ರಲ್ಲಿ, ಆಗ ಫ್ಲಾರೆನ್ಸ್‌ಗೆ 20. ಆ ಹೋಲಿಕೆ ಆಮೇಲಿನವರದು. 'ಅವಳ ಹೆಬ್ಬೆರಳಿನಲ್ಲಿ ಮುಚ್ಚಿಹೋಗುವಷ್ಟು' ಅಂತ ಬರೆದೆ. ಚಿತ್ರದಲ್ಲಿ ಪುಸ್ತಕ ನಿಜವಾದ ಅಳತೆಯಲ್ಲೇ ಇದೆ. ದೊಡ್ಡ ಬಿಳಿ ಪುಟ, ನಡುವೆ ಉಗುರಿನಷ್ಟು ಚೂರು. ಮಕ್ಕಳು ಮೂಗು ತಾಗಿಸಿ ನೋಡುತ್ತಾರೆ. ಓದಿದ ಮೇಲೆ ಅಂಥದ್ದೊಂದು ಮಾಡಿಸಿ: ಕಾಗದ ನಾಲ್ಕು ಸಲ ಮಡಚಿ, ನಡುವೆ ಎರಡು ಹೊಲಿಗೆ ಹಾಕಿ, ಅಂಚು ಕತ್ತರಿಸಿದರೆ ಆಯಿತು.

ನಾಯಿ ಪುಟದಲ್ಲಿ ಮಾತ್ರ ಯಾಕೆ ಎಲ್ಲಾ 'ಅಂತೆ, ಅಂತೆ' ಅಂತಿದೆ? ಅದು ಸುಳ್ಳಾ?

ಮಕ್ಕಳ ಕಿವಿ ಎಷ್ಟು ಚುರುಕು ನೋಡಿ! ಈ ಪ್ರಶ್ನೆ ಬರಲಿ ಅಂತಲೇ ಹಾಗೆ ಬರೆದದ್ದು.

ಕಥೆ ಇದು. ಎಂಬ್ಲಿ ಹತ್ತಿರದ ಗುಡ್ಡದ ಮೇಲೆ ರೋಜರ್ ಅನ್ನುವ ಮುದುಕ ಕುರಿ ಕಾಯುತ್ತಿದ್ದನಂತೆ. ಒಂದು ದಿನ ಫ್ಲಾರೆನ್ಸ್ ಊರಿನ ಪಾದ್ರಿಯ ಜೊತೆ ಕುದುರೆ ಮೇಲೆ ಬರುತ್ತಿದ್ದಳಂತೆ. ಕುರಿಗಳು ದಿಕ್ಕಾಪಾಲಾಗಿದ್ದವು, ನಾಯಿ ಕ್ಯಾಪ್ ಎಲ್ಲೂ ಇಲ್ಲ. ಹುಡುಗರು ಕಲ್ಲು ಹೊಡೆದು ಅದರ ಕಾಲು ಊದಿದೆ, ಇನ್ನು ಅದು ಕೆಲಸಕ್ಕೆ ಬಾರದು, ಸಂಜೆ ಹಗ್ಗ ಹಾಕಿಬಿಡುತ್ತೇನೆ ಅಂದನಂತೆ ಮುದುಕ. ಇವರಿಬ್ಬರೂ ಅವನ ಗುಡಿಸಿಲಿಗೆ ಹೋಗಿ ನೋಡಿದರು. ಪಾದ್ರಿ ಕಾಲು ಮುಟ್ಟಿ, ಮೂಳೆ ಮುರಿದಿಲ್ಲ, ಪೆಟ್ಟಾಗಿದೆ ಅಷ್ಟೇ ಅಂದರು. ಫ್ಲಾರೆನ್ಸ್ ನೀರು ಕಾಯಿಸಿದಳು, ಬಟ್ಟೆ ಹರಿದು ಅದ್ದಿ ಹಿಂಡಿ ಶಾಖ ಕೊಟ್ಟಳು, ಆರಿದ ಹಾಗೆಲ್ಲ ಮತ್ತೆ ಅದ್ದಿದಳು. ನಾಯಿ ಉಳಿಯಿತಂತೆ.

ಸುಳ್ಳು ಅಂತ ಹೇಳಲು ಕಾರಣ ಇಲ್ಲ. ಆದರೆ ಹೇಳುವವರು ಹೇಳುತ್ತಾ ಹೋದ ಹಾಗೆ ಬೆಳೆದ ಕಥೆ. ಕೆಲವರ ಬಾಯಲ್ಲಿ ಅವಳು ಗೊಂಬೆ ಹಿಡಿದ ಪುಟ್ಟ ಹುಡುಗಿ, ಇನ್ನು ಕೆಲವರ ಬಾಯಲ್ಲಿ 16ರ ಯುವತಿ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಪಾದ್ರಿಯ ಜೊತೆ ಕುದುರೆ ಮೇಲೆ ತಿರುಗುವುದು 6 ವರ್ಷದವಳ ಕೆಲಸವಲ್ಲ.

ಇಂಥ ಕಥೆಗೆ ಕನ್ನಡದಲ್ಲಿ ಒಂದು ಸಲಕರಣೆ ರೆಡಿಯಾಗೇ ಇದೆ. ಕ್ರಿಯಾಪದದ ಬಾಲಕ್ಕೆ 'ಅಂತೆ' ಅಂಟಿಸಿದರೆ ಸಾಕು, ನಾನು ಕಂಡದ್ದಲ್ಲ, ಕೇಳಿದ್ದು ಅಂತ ಮಗುವಿಗೂ ಗೊತ್ತಾಗುತ್ತದೆ. ಅಡಿಟಿಪ್ಪಣಿ ಬೇಡ. ಪತ್ರ, ಡೈರಿಗಳಲ್ಲಿ ಇರುವುದಕ್ಕೆಲ್ಲ 'ಬರೆದಳು, ಹೋದಳು' ಅಂತ ನೇರವಾಗಿ ಹಾಕಿದ್ದೇನೆ. ಬಾಯಿಂದ ಬಾಯಿಗೆ ಬಂದದ್ದಕ್ಕೆ 'ಅಂತೆ'. ಮೇಷ್ಟ್ರೊಬ್ಬರು 'ಅಂತೆ ಕಂತೆ ಮಕ್ಕಳಿಗೆ ಕಲಿಸಬೇಡಿ' ಅಂತ ಬರೆದಿದ್ದರು. ಅಂತೆ ಯಾವುದು, ಅಲ್ಲದ್ದು ಯಾವುದು ಅಂತ ಬೇರೆ ಮಾಡಿ ತೋರಿಸುವುದೇ ನನ್ನ ಉದ್ದೇಶ ಸಾರ್.

ನಮ್ಮ ಪುಸ್ತಕದಲ್ಲಿ ನಾಯಿಯ ಕಾಲೇ ಕಾಣಿಸ್ತಿಲ್ಲ, ಪುಟ ಕಿತ್ತುಹೋಗಿದೆಯಾ?

ಮೊದಲ ಮುದ್ರಣ ನಿಮ್ಮ ಹತ್ತಿರ ಇದೆ ಅಂತ ಅರ್ಥ. ಎರಡು ಪುಟಕ್ಕೆ ಹರಡಿದ ಚಿತ್ರ ಅದು. ಪೆಟ್ಟಾದ ಕಾಲು ಸರಿಯಾಗಿ ನಡುವಿನ ಹೊಲಿಗೆಯ ಮಡಿಕೆಯೊಳಗೆ ಹೋಗಿಬಿಟ್ಟಿತು. ಕಥೆಯೆಲ್ಲ ಆ ಕಾಲಿನ ಮೇಲೆಯೇ ನಿಂತಿದೆ, ಕಾಲೇ ಮಾಯ! ಪರದೆಯ ಮೇಲೆ ನೋಡಿ ಒಪ್ಪಿಗೆ ಕೊಟ್ಟವಳು ನಾನೇ. ಕಾಗದದ ಮೇಲೆ ಮಡಚಿ ನೋಡಬೇಕಿತ್ತು. ಎರಡನೇ ಮುದ್ರಣದಲ್ಲಿ ನಾಯಿಯನ್ನು ಎಡಕ್ಕೆ ಸರಿಸಿದ್ದೇವೆ.

ಅವಳು ಗೊಂಬೆಗಳಿಗೆ ಬ್ಯಾಂಡೇಜ್ ಕಟ್ಟುತ್ತಿದ್ದಳು ಅಂತ ಓದಿದ್ದೆ. ಅದನ್ನ ಯಾಕೆ ಬಿಟ್ರಿ?

ಪಾರ್ಥಿ ಗೊಂಬೆ ಮುರಿಯುತ್ತಿದ್ದಳಂತೆ, ಫ್ಲಾರೆನ್ಸ್ ಅದನ್ನು ಹೊಲಿದು ಸರಿ ಮಾಡುತ್ತಿದ್ದಳಂತೆ. ಇದೂ 'ಅಂತೆ'ಯೇ. ಒಂದು ಪುಸ್ತಕಕ್ಕೆ ಒಂದು 'ಅಂತೆ' ಸಾಕು ಅನ್ನಿಸಿತು. ಅದೂ ಅಲ್ಲದೆ, ಮುಂದೆ ನರ್ಸ್ ಆದವರು ಚಿಕ್ಕಂದಿನಲ್ಲೂ ಪುಟಾಣಿ ನರ್ಸ್ ಆಗಿದ್ದರು ಅನ್ನುವ ಅಚ್ಚು ನನಗೆ ಹಿಡಿಸುವುದಿಲ್ಲ. ಗೊಂಬೆಗೆ ಪಟ್ಟಿ ಕಟ್ಟಿದ ಹುಡುಗಿಯರು ಎಷ್ಟೋ ಜನ.

ಅಕ್ಕ ತಂಗಿ ಅಷ್ಟೊಂದು ಜಗಳ ಆಡಿದ್ದು ನಿಜಾನಾ?

ಒಬ್ಬರನ್ನೊಬ್ಬರು ಬಿಟ್ಟಿರುತ್ತಿರಲಿಲ್ಲ, ಕೂಡಿಯೂ ಇರುತ್ತಿರಲಿಲ್ಲ. ದೊಡ್ಡವರಾದ ಮೇಲೆ ಫ್ಲಾರೆನ್ಸ್ ನರ್ಸ್ ಆಗುತ್ತೇನೆ ಅಂದಾಗ ಪಾರ್ಥಿ ಹಟ ಹಿಡಿದು ಅತ್ತು ಕರೆದು ವಿರೋಧಿಸಿದರು. ಆಮೇಲೆ ಅದೇ ಪಾರ್ಥಿ ತಂಗಿಯ ಸತ್ತುಹೋದ ಗೂಬೆಯ ಬಗ್ಗೆ ಒಂದು ಪುಟ್ಟ ಪುಸ್ತಕವನ್ನೇ ಬರೆದು, ಚಿತ್ರ ಹಾಕಿ, ದೂರದಲ್ಲಿದ್ದ ಅವರಿಗೆ ಕಳಿಸಿದರು.

ಗೂಬೆನಾ? ಗೂಬೆ ಕಥೆ ನಮ್ಮ ಪುಸ್ತಕದಲ್ಲಿ ಇಲ್ವಲ್ಲ!

ಇಲ್ಲ, ಯಾಕೆಂದರೆ ಅದು ಬಾಲ್ಯದ್ದಲ್ಲ. 1850ರಲ್ಲಿ, 30ನೇ ವಯಸ್ಸಿನಲ್ಲಿ, ಅಥೆನ್ಸ್‌ನ ಪಾರ್ಥೆನಾನ್ ಅನ್ನುವ ಹಳೇ ದೇವಸ್ಥಾನದ ಹತ್ತಿರ ಹುಡುಗರ ಕೈಯಿಂದ ಒಂದು ಗೂಬೆ ಮರಿಯನ್ನು ಬಿಡಿಸಿಕೊಂಡರು. ಅಥೀನಾ ಅಂತ ಹೆಸರಿಟ್ಟು ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದರು. ಯುದ್ಧಕ್ಕೆ ಹೊರಡುವ ಗಡಿಬಿಡಿಯಲ್ಲಿ ಅದು ಸತ್ತುಹೋಯಿತು. ಹೊಟ್ಟು ತುಂಬಿಸಿ ಕಾಪಾಡಿದ ಅದರ ದೇಹ ಲಂಡನ್ನಿನ ಫ್ಲಾರೆನ್ಸ್ ನೈಟಿಂಗೇಲ್ ಮ್ಯೂಸಿಯಂನಲ್ಲಿ ಇವತ್ತೂ ಇದೆ. ಪುಟ್ಟ ಹುಡುಗಿಯ ಕೈಯಲ್ಲಿ ಆ ಗೂಬೆ ಕೂರಿಸಿದ ಚಿತ್ರಗಳನ್ನು ನೋಡಿದ್ದೇನೆ. ಮುದ್ದಾಗಿದೆ, ಆದರೆ ತಪ್ಪು.

## ಓದಿಸುವವರು ಕೇಳುವವು

ಮುಖಪುಟದ ಮೇಲೆ ದೀಪ ಇಲ್ಲದೆ ಯಾರಿಗೆ ಗುರುತು ಸಿಗುತ್ತೆ?

ಮಾರುವವರೂ ಇದನ್ನೇ ಹೇಳಿದರು. ಸೋಲಲಿಲ್ಲ, ಪೂರ್ತಿ ಗೆಲ್ಲಲೂ ಇಲ್ಲ. ಹಿಂಬದಿಯ ರಕ್ಷಾಪುಟದಲ್ಲಿ ದೀಪ ಬಂತು. ಬಂದದ್ದು ಸರಿಯಾದ ದೀಪವಾದರೂ ಆಗಲಿ ಅಂತ ಹಟ ಮಾಡಿದೆ. ಸಾಮಾನ್ಯವಾಗಿ ಅವರ ಕೈಗೆ ಕೊಡುವುದು ಅಲ್ಲಾವುದ್ದೀನನ ದೀಪದ ಥರದ್ದು, ಮೂತಿ ಇರುವ ಎಣ್ಣೆ ದೀಪ. ಅವರು ಹಿಡಿದದ್ದು ಟರ್ಕಿಯವರು ಬಳಸುವ ಫಾನೂಸ್. ನೆರಿಗೆ ನೆರಿಗೆಯಾಗಿ ಮಡಚುವ ಉದ್ದ ಲಾಟೀನು, ಒಳಗೆ ಮೇಣದ ಬತ್ತಿ. ಗಾಳಿಗೆ ಆರುವುದಿಲ್ಲ.

ಯುದ್ಧ, ಸಾವು ಎಲ್ಲ ಪುಟ್ಟ ಮಕ್ಕಳಿಗೆ ಹೇಗೆ ಹೇಳೋದು?

ಕೇಳಿದಷ್ಟು ಹೇಳಿ. ಕೊನೆಯ ಪುಟಗಳಲ್ಲಿ ಇರುವುದು ಇಷ್ಟೇ: 1854ರ ಅಕ್ಟೋಬರ್‌ನಲ್ಲಿ 38 ಹೆಂಗಸರ ಜೊತೆ ಹೊರಟರು, ಈಗಿನ ಇಸ್ತಾಂಬುಲ್‌ನ ಭಾಗವಾದ ಸ್ಕುಟಾರಿಯ ಆಸ್ಪತ್ರೆ ತಲುಪಿದರು, ಅಲ್ಲಿ ಎಲ್ಲ ಕೊಳಕಾಗಿತ್ತು, ಅದನ್ನು ತೊಳೆಯಲು ಹಿಡಿದರು. 'ತುಂಬಾ ಸೈನಿಕರು ಸತ್ತರಾ?' ಅಂತ ಮಗು ಕೇಳಿದರೆ ಹೌದು ಅನ್ನಿ. ಗಾಯಕ್ಕಿಂತ ರೋಗದಿಂದ ಸತ್ತವರೇ ಜಾಸ್ತಿ ಅನ್ನಿ. ಕೈ ತೊಳೆಯುವ ಪಾಠಕ್ಕೆ ಈ ಪುಟವನ್ನು ಎಳೆಯಬೇಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ. ಮಕ್ಕಳಿಗೆ ವಾಸನೆ ಹತ್ತಿಬಿಡುತ್ತದೆ.

ನರ್ಸ್ ಆಗೋದು ಒಳ್ಳೇ ಕೆಲಸ ತಾನೆ? ಮನೆಯವರು ಯಾಕೆ ಬೇಡ ಅಂದ್ರು?

ಆಗ ಅದು ಒಳ್ಳೇ ಮನೆತನದ ಹೆಣ್ಣುಮಕ್ಕಳ ಕೆಲಸ ಅಲ್ಲ ಅಂತ ಎಲ್ಲರೂ ನಂಬಿದ್ದರು. ಆಸ್ಪತ್ರೆಗೆ ಹೋಗುತ್ತಿದ್ದವರು ಬಡವರು. ಇದ್ದವರಿಗೆ ಡಾಕ್ಟರು ಮನೆಗೇ ಬರುತ್ತಿದ್ದರು. ವಾರ್ಡುಗಳು ನಾರುತ್ತಿದ್ದವು. ಹೆಚ್ಚಿನ ನರ್ಸ್‌ಗಳಿಗೆ ತರಬೇತಿ ಅನ್ನುವುದೇ ಇರಲಿಲ್ಲ, ಕುಡಿಯುತ್ತಾರೆ ಅನ್ನುವ ಕೆಟ್ಟ ಹೆಸರು ಬೇರೆ. 1845ರಲ್ಲಿ ಸಾಲಿಸ್ಬರಿಯ ಆಸ್ಪತ್ರೆಗೆ ಕಲಿಯಲು ಹೋಗುತ್ತೇನೆ ಅಂದಾಗ ಮನೆಯಲ್ಲಿ ರಣರಂಗ ಆಯಿತು. ಜರ್ಮನಿಯ ಕೈಸರ್ಸ್‌ವರ್ಥ್‌ನಲ್ಲಿ ಮೂರು ತಿಂಗಳು ಕಲಿಯುವ ಹೊತ್ತಿಗೆ 1851 ಬಂದಿತ್ತು. ಆಗ ಅವರಿಗೆ 31.

ಅಪ್ಪ ಅಮ್ಮನನ್ನು ಖಳನಾಯಕರನ್ನಾಗಿ ಮಾಡಬೇಡಿ. ಗ್ರೀಕ್ ಕಲಿಸಿದ ಅಪ್ಪನೇ ಕೊನೆಗೆ ವರ್ಷಕ್ಕೆ 500 ಪೌಂಡ್ ಕೊಟ್ಟು ಸ್ವತಂತ್ರವಾಗಿ ಇರಲು ಬಿಟ್ಟದ್ದು.

'ದೇವರು ಕರೆದ' ಅಂತ ಇದೆಯಲ್ಲ, ಅದನ್ನ ಹಾಕಲೇಬೇಕಿತ್ತಾ?

1837ರ ಫೆಬ್ರವರಿ 7ರಂದು, ಎಂಬ್ಲಿಯಲ್ಲಿ, ದೇವರು ತನ್ನನ್ನು ಸೇವೆಗೆ ಕರೆದ ಅಂತ ಅವಳೇ ಬರೆದುಕೊಂಡಿದ್ದಾಳೆ. ಅವಳೇ ಬರೆದದ್ದನ್ನು ಬಿಡಲು ನಾನ್ಯಾರು? ಯಾವ ಸೇವೆ ಅಂತ ಆಗ ಅವಳಿಗೂ ಗೊತ್ತಿರಲಿಲ್ಲ. ಅದಕ್ಕೆ ಮುಂಚಿನ ತಿಂಗಳು ಇನ್‌ಫ್ಲುಯೆಂಜಾ ಬಂದು ಮನೆಯ ಬಹುಪಾಲು ಜನ ಹಾಸಿಗೆ ಹಿಡಿದಿದ್ದರು, ಇವಳು ಎಲ್ಲರನ್ನೂ ನೋಡಿಕೊಳ್ಳುತ್ತಾ ಓಡಾಡುತ್ತಿದ್ದಳು. ನಮ್ಮ ಪುಸ್ತಕದಲ್ಲಿ ಎರಡೂ ಅಕ್ಕಪಕ್ಕದ ಪುಟಗಳಲ್ಲಿ ಇವೆ. ಒಂದಕ್ಕೂ ಇನ್ನೊಂದಕ್ಕೂ ಗಂಟು ಹಾಕಿಲ್ಲ. ಓದುವವರು ಬೇಕಾದರೆ ಹಾಕಿಕೊಳ್ಳಲಿ.

## ಆಳಕ್ಕೆ ಇಳಿಯುವವರು, ತಾವೇ ಬರೆಯಹೊರಟವರು ಕೇಳುವವು

ಫೋಟೋನೇ ಇಲ್ಲದ ಕಾಲದ ಮನೆ, ಬಟ್ಟೆ ಎಲ್ಲ ಚಿತ್ರಗಾರ್ತಿಗೆ ಹೇಗೆ ಗೊತ್ತಾಯ್ತು?

ಅರ್ಧ ಹುಡುಕಿ, ಅರ್ಧ ತಪ್ಪು ಮಾಡಿ ಅಳಿಸಿ. ಫೋಟೋ ತೆಗೆಯುವ ವಿಧಾನ ಜಗತ್ತಿಗೆ ಗೊತ್ತಾದದ್ದೇ 1839ರಲ್ಲಿ. ಆದರೆ ಅಕ್ಕ ತಂಗಿ ಇಬ್ಬರೂ ಇರುವ ಒಂದು ಜಲವರ್ಣ ಚಿತ್ರ ಇದೆ, ವಿಲಿಯಂ ವೈಟ್ ಅನ್ನುವವರು 1836ರ ಸುಮಾರಿಗೆ ಬರೆದದ್ದು. ಅದರಲ್ಲಿ ಫ್ಲಾರೆನ್ಸ್ ಕೂತು ಕಸೂತಿ ಹಾಕುತ್ತಿದ್ದಾಳೆ, ಪಾರ್ಥಿ ಪುಸ್ತಕ ಹಿಡಿದು ನಿಂತಿದ್ದಾಳೆ. ಉಲ್ಟಾ ಆಗಿದೆ ಅಲ್ವಾ? ನಮ್ಮ ಚಿತ್ರಗಾರ್ತಿ ಅದನ್ನು ನೋಡಿ ನಕ್ಕರು.

ತಪ್ಪುಗಳ ಪಟ್ಟಿ ಇದಕ್ಕಿಂತ ಮಜವಾಗಿದೆ. ಮೊದಲ ಕರಡಿನಲ್ಲಿ ಮಕ್ಕಳ ಕೋಣೆಯ ಕಪಾಟಿನ ಮೇಲೆ ಟೆಡ್ಡಿ ಕರಡಿ ಕೂತಿತ್ತು. ಆ ಹೆಸರು ಹುಟ್ಟಿದ್ದು ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ಅವರಿಂದ, 1902ರ ಆಮೇಲೆ. ಕರಡಿ ಹೋಗಿ ಮರದ ಗೊಂಬೆ ಬಂತು. 1825ರ ಅಡುಗೆಮನೆಯಲ್ಲಿ ಕೆಲಸದವಳು ಬೆಂಕಿಕಡ್ಡಿ ಗೀರುತ್ತಿದ್ದಳು. ಗೀರಿ ಹಚ್ಚುವ ಕಡ್ಡಿ ಬಂದದ್ದು ಅದಾದ ಎರಡು ವರ್ಷಕ್ಕೆ. ಅದನ್ನು ತೆಗೆದು ಚಕಮಕಿ ಕಲ್ಲು ಕೊಟ್ಟೆವು. ಕ್ರಿಸ್‌ಮಸ್ ಪುಟದಲ್ಲಿ ದೊಡ್ಡದೊಂದು ಸಿಂಗರಿಸಿದ ಮರ ಇತ್ತು. ಇಂಗ್ಲೆಂಡಿನ ಮನೆಗಳಲ್ಲಿ ಆ ಪದ್ಧತಿ ಹರಡಿದ್ದು 1840ರ ದಶಕದಲ್ಲಿ. ಮರವನ್ನು ಕಡಿಯುವಾಗ ಚಿತ್ರಗಾರ್ತಿಯ ಮುಖ ನೋಡಲಾಗಲಿಲ್ಲ, ಎರಡು ವಾರದ ಕೆಲಸ ಅದು.

32 ಪುಟವೇ ಯಾಕೆ?

ದೊಡ್ಡ ಹಾಳೆ ಮಡಚಿದರೆ 8, 16ರ ಲೆಕ್ಕದಲ್ಲಿ ಪುಟ ಬರುತ್ತದೆ. 32ಕ್ಕೆ ಕಾಗದ ವ್ಯರ್ಥ ಆಗುವುದಿಲ್ಲ. ಹೆಸರು, ಮುದ್ರಣದ ವಿವರ ಕಳೆದರೆ ಕಥೆಗೆ 14 ಜೋಡಿ ಪುಟ ಸಿಗುತ್ತದೆ. 90 ವರ್ಷ ಬದುಕಿದವರ ಬಾಲ್ಯಕ್ಕೆ ಇಷ್ಟೇ ಜಾಗ.

ಕೊನೆಗೆ ನೀವೂ ಅವರನ್ನ ದೇವತೆ ಮಾಡಿಬಿಟ್ಟಿದ್ದೀರಿ ಅನ್ನಿಸಲಿಲ್ವಾ?

ಮಾಡಬಾರದು ಅಂತಲೇ ಬಾಲ್ಯವನ್ನು ಆರಿಸಿಕೊಂಡದ್ದು. ಅವರ ದೊಡ್ಡತನ ದೀಪದ್ದಕ್ಕಿಂತ ಲೆಕ್ಕದ್ದು. ಅವರು ಸ್ಕುಟಾರಿಗೆ ತಲುಪಿದ ಮೇಲೂ ಆ ಚಳಿಗಾಲ ಅಲ್ಲಿ ಸಾವು ಏರುತ್ತಲೇ ಇತ್ತು. 1855ರ ಮಾರ್ಚ್‌ನಲ್ಲಿ ಸರ್ಕಾರ ಕಳಿಸಿದ ತಂಡ ಚರಂಡಿ ತೊಳೆಸಿ, ಗಾಳಿ ಬೆಳಕು ಬರುವ ಹಾಗೆ ಮಾಡಿದ ಮೇಲೆ ಇಳಿಯಿತು. ಇಂಗ್ಲೆಂಡಿಗೆ ಬಂದು ಅಂಕಿ ಅಂಶ ಜೋಡಿಸಿದಾಗ ಅವರಿಗೆ ಅದು ಪೂರ್ತಿ ಅರ್ಥವಾಯಿತು. ಮುಚ್ಚಿಡಲಿಲ್ಲ, ಬಣ್ಣದ ಚಕ್ರದಂಥ ನಕ್ಷೆ ಬರೆದು ಎಲ್ಲರಿಗೂ ತೋರಿಸಿದರು. ರೋಗಾಣುಗಳ ವಿಚಾರವನ್ನು ಬಹಳ ಕಾಲ ನಂಬಲಿಲ್ಲ. ನರ್ಸ್‌ಗಳ ಹೆಸರನ್ನು ಸರ್ಕಾರ ನೋಂದಾಯಿಸುವುದನ್ನು ವಿರೋಧಿಸಿದರು. ಇದೆಲ್ಲ 5 ವರ್ಷದ ಮಗುವಿಗೆ ಬೇಡ. ದೊಡ್ಡವರಿಗಾಗಿ ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ ಒಂದು ಪುಟ ಇದೆ. ಅದನ್ನು ಯಾರೂ ಓದುವುದಿಲ್ಲ, ಓದಿ.

ನಾನೂ ಒಬ್ಬ ನರ್ಸ್ ಬಾಲ್ಯದ ಮೇಲೆ ಚಿತ್ರಪುಸ್ತಕ ಬರೀಬೇಕು. ಯಾರನ್ನ ಆರಿಸಿಕೊಳ್ಳಲಿ?

ಕ್ಲಾರಾ ಬಾರ್ಟನ್ ಅವರ ಬಾಲ್ಯ ಈ ಆಕಾರಕ್ಕೆ ಹೇಳಿ ಮಾಡಿಸಿದಂತಿದೆ. 1821ರ ಕ್ರಿಸ್‌ಮಸ್ ದಿನ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದವರು. ಮಾತಾಡಲೂ ನಾಚುವ ಹುಡುಗಿ. 11 ವರ್ಷ ಇದ್ದಾಗ ಅಣ್ಣ ಡೇವಿಡ್ ಕೊಟ್ಟಿಗೆಯ ಮಾಡಿನಿಂದ ಬಿದ್ದ. ಸುಮಾರು ಎರಡು ವರ್ಷ ಅವನ ಹಾಸಿಗೆ ಪಕ್ಕ ಬಿಡದೆ ನೋಡಿಕೊಂಡಳು. ಆಗಿನ ಪದ್ಧತಿಯಂತೆ ಜಿಗಣೆ ಹಚ್ಚುವುದನ್ನೂ ಕಲಿತಳು. ಶುರು, ನಡು, ಕೊನೆ ಎಲ್ಲ ಅಲ್ಲೇ ಇದೆ. ಜಿಗಣೆಯ ಪುಟಕ್ಕೆ ಮಕ್ಕಳು ಕಿರಿಚುವುದು ಗ್ಯಾರಂಟಿ. ಇಂಗ್ಲೆಂಡಿನ ನರ್ಸ್ ಎಡಿತ್ ಕ್ಯಾವೆಲ್ ಅವರದ್ದು ಹಳ್ಳಿಯ ಪಾದ್ರಿ ಮನೆಯ ಚೆಂದದ ಬಾಲ್ಯ. ಆದರೆ ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಸೈನಿಕರು ತಪ್ಪಿಸಿಕೊಳ್ಳಲು ನೆರವಾದರು ಅಂತ ಜರ್ಮನ್ನರು ಅವರನ್ನು ಗುಂಡಿಟ್ಟು ಕೊಂದರು. ಆ ಕೊನೆಯನ್ನು ಮಕ್ಕಳಿಗೆ ಹೇಗೆ ಹೇಳುವುದು ಅಂತ ನನಗೆ ದಾರಿ ಕಂಡಿಲ್ಲ.

ನಿಮ್ಮ ಮುಂದಿನ ಪುಸ್ತಕ ಯಾರದ್ದು?

ಮೇರಿ ಸೀಕೋಲ್. 1805ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದವರು, ಅದೇ ಕ್ರೈಮಿಯಾ ಯುದ್ಧದಲ್ಲಿ ಸೈನಿಕರನ್ನು ನೋಡಿಕೊಂಡವರು. ಅಮ್ಮ ವಸತಿಗೃಹ ನಡೆಸುತ್ತಾ ಗಿಡಮೂಲಿಕೆಯಿಂದ ರೋಗಿಗಳಿಗೆ ಔಷಧಿ ಕೊಡುತ್ತಿದ್ದರು. ಗೊಂಬೆಯ ಕಥೆ ನಿಜವಾಗಿ ಸಲ್ಲಬೇಕಾದದ್ದು ಇವರಿಗೆ. ಊರಿನಲ್ಲಿ ಯಾವ ಕಾಯಿಲೆ ಹಬ್ಬಿದರೂ ಅದು ಮೇರಿಯ ಗೊಂಬೆಗೂ ಬರುತ್ತಿತ್ತು. ಗೊಂಬೆ ಆದ ಮೇಲೆ ನಾಯಿ, ಬೆಕ್ಕುಗಳ ಗಂಟಲಿಗೆ ಔಷಧಿ ಸುರಿದಳು. ಅವೂ ತಪ್ಪಿಸಿಕೊಂಡಾಗ ತಾನೇ ಕುಡಿದು ನೋಡಿದಳು. 1857ರ ಆತ್ಮಕಥೆಯಲ್ಲಿ ಸ್ವತಃ ಬರೆದದ್ದು, ಹಾಗಾಗಿ ಒಂದೂ 'ಅಂತೆ' ಬೇಕಿಲ್ಲ. ಗೊಂಬೆಗೆ ಯಾವ ಬಣ್ಣದ ಫ್ರಾಕು ಅಂತ ಚಿತ್ರಗಾರ್ತಿ ಆಗಲೇ ಎರಡು ಸಲ ಫೋನ್ ಮಾಡಿದ್ದಾರೆ.